ತಲೆ ಅವನದು, ಹೆಗಲು ಯಾರದು?

“ತಲೆ ನನ್ ಮಗಂದೇ ಮೇಡಂ,” ಎಂದಳು ದೇವೀರಮ್ಮ. “ಹೆಗಲು ಅವಂದಲ್ಲ.”

ಸಬ್ ಇನ್ಸ್‌ಪೆಕ್ಟರ್ ಪ್ರೇಮಕುಮಾರಿ ಕೂಲಿಯವರ ಲೈನು ಮನೆಯ ಜಗಲಿಯ ಅಂಚಿಗೆ ಕೂತು, ನೋಯುವ ಮಂಡಿಯನ್ನು ಉದ್ದಕ್ಕೆ ಚಾಚಿಕೊಂಡಿದ್ದಳು. ಕಳಸದಿಂದ ಈ ಎಸ್ಟೇಟಿನವರೆಗೆ ಜೀಪು ಕುಲುಕಿದ ಕುಲುಕಿಗೆ ಮೈಯ ಮೂಳೆಗಳೆಲ್ಲ ಜಾಗ ಬಿಟ್ಟಂತಾಗಿತ್ತು. ಎದುರಿಗೆ ರೊಬಸ್ಟಾ ಕಾಫಿ ಅರಳಿ ತೋಟವಿಡೀ ಬೆಳ್ಳಗಿತ್ತು. ಹೊಸಬರು ಆ ಪರಿಮಳಕ್ಕೆ ಮರುಳಾಗುತ್ತಾರೆ. ಪ್ರೇಮಕುಮಾರಿಗೆ ತಲೆನೋವು ಶುರುವಾಗಿತ್ತು.

ಜನವರಿಯ ಕೊನೆಯಲ್ಲಿ ಟೂರ್ನಮೆಂಟಿನ ಫೈನಲ್ ಗೆದ್ದ ದಿನದಿಂದ ದೇವೀರಮ್ಮನ ಮಗ, ಕಬಡ್ಡಿ ರೈಡರ್ ಅಭಿಷೇಕ್, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಾರ್ಚಿನಲ್ಲಿ ಅವನ ಮುಖ ಇದ್ದಕ್ಕಿದ್ದಂತೆ ಒಂದು ಕಬಡ್ಡಿ ವಿಡಿಯೋ ಗೇಮಿನೊಳಗೆ ಕಾಣಿಸಿಕೊಂಡಿತ್ತು.

ಆ ಮುಖವೇ ಈಗ ಪ್ರೇಮಕುಮಾರಿಯ ಫೋನಿನಲ್ಲಿತ್ತು. ಎದೆಯಿಂದ ಮೇಲಿನ ಭಾಗವಷ್ಟೇ. ಹಿಂದೆ ಗೋಡೆಯಿಲ್ಲ, ಮರವಿಲ್ಲ, ಆಕಾಶವೂ ಇಲ್ಲ; ಕತ್ತರಿಸಿ ತೆಗೆದ ಚಿತ್ರ. ಅಗಲ ಹಣೆ, ಬಿಗಿದ ತುಟಿ, ಮೈಮೇಲೆ ತಂಡದ ಹೊಸ ನೀಲಿ ಜೆರ್ಸಿ. ಮುಖ್ಯವಾದದ್ದು ಆ ಜೆರ್ಸಿಯೇ. ಅದನ್ನು ಹೊಲಿಸಿ ಹಂಚಿದ್ದು ಫೆಬ್ರವರಿಯಲ್ಲಿ, ಅಭಿಷೇಕ್ ಕಾಣೆಯಾದ ಮೇಲೆ. ಅಂದರೆ ಹುಡುಗ ಫೆಬ್ರವರಿಯಲ್ಲಿ ಬದುಕಿದ್ದ. ಅದೊಂದೇ ಎಳೆ ಹಿಡಿದುಕೊಂಡು ಅವಳು ಈ ವಾರವಿಡೀ ಬೆಟ್ಟ ಹತ್ತಿ ಇಳಿಯುತ್ತಿದ್ದಳು.

ಆ ಎಳೆಯನ್ನು ಈಗ ತಾಯಿಯೇ ಕಡಿಯುತ್ತಿದ್ದಳು.

ದೇವೀರಮ್ಮ ಹೇಳಿದ ಕಾರಣ ಹೀಗಿತ್ತು. ಅಭಿಷೇಕ್ ಚಿಕ್ಕವನಿದ್ದಾಗ ಮೆಣಸು ಕೊಯ್ಯಲು ಸಿಲ್ವರ್ ಓಕ್ ಮರ ಹತ್ತಿ ಬಿದ್ದು ಕತ್ತಿನ ಕೆಳಗಿನ ಮೂಳೆ ಮುರಿದುಕೊಂಡಿದ್ದ. ನಾಟಿ ವೈದ್ಯರು ಕಟ್ಟಿದ್ದರು. ಮೂಳೆ ಕೂಡಿತು, ನೇರವಾಗಿ ಕೂಡಲಿಲ್ಲ. ಅಂದಿನಿಂದ ಅವನ ಎಡಗಡೆ ಹೆಗಲು ಕೆಳಗಿಳಿದೇ ಇತ್ತು. ಈ ಫೋಟೋದಲ್ಲಿ ಎರಡೂ ಸಮ.

“ಯಾರೋ ಮಾಡಿರೋದು ಇದು. ನನ್ ಮಗ ಇಲ್ಲ ಅಂತ ಬರ್ಕೊಂಡ್ಬಿಡಿ ಮೇಡಂ. ಹುಡ್ಕೋದು ಸಾಕು.”

ಅವಳ ಕಣ್ಣು ಒಣಗಿತ್ತು. ಅದು ಪ್ರೇಮಕುಮಾರಿಗೆ ಹೊಸತಲ್ಲ. ಕಾದು ಕಾದು ಸೋತವರು ಒಂದು ದಿನ ತಾವೇ ಬಾಗಿಲು ಹಾಕಿಕೊಳ್ಳುತ್ತಾರೆ. ಮಗ ಇಲ್ಲವೆಂದುಕೊಂಡರೆ ನಿದ್ದೆಯಾದರೂ ಬರುತ್ತದೆ ಎಂಬ ಆಸೆ. ಪ್ರೇಮಕುಮಾರಿ ಹಾಗೆಂದುಕೊಂಡಳು. ಫೋನು ಜೇಬಿಗೆ ಹಾಕಿ, ಜಗಲಿಯ ಕಂಬ ಹಿಡಿದು ಎದ್ದಳು. ದೇವೀರಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ದುಃಖಕ್ಕಿಂತ ಬೇರೆ ಏನೋ ಇತ್ತು ಎಂಬುದು ಪ್ರೇಮಕುಮಾರಿಗೆ ಹೊಳೆದದ್ದು ಆಮೇಲೆ, ಬಹಳ ತಡವಾಗಿ.

ಕೊಟ್ಟಿಗೆಹಾರ ದಾಟಿ ಮೂಡಿಗೆರೆಗೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಜೀಪು ಓಡಿಸುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಪ್ರಸಾದ್ ದಾರಿಯುದ್ದಕ್ಕೂ ಆಕಳಿಸುತ್ತಿದ್ದ. ಇಬ್ಬರಿಗೂ ಈ ಕೇಸು ಬೇಸರ ತಂದಿತ್ತು. ಮೇಲಿನವರು ಮೊದಲೇ ಹೇಳಿದ್ದರು: ವಯಸ್ಸಿಗೆ ಬಂದ ಹುಡುಗ, ಎಲ್ಲಿಗೋ ಹೋಗಿದ್ದಾನೆ, ಬರುತ್ತಾನೆ. ಗೇಮಿನ ಫೋಟೋ ಬಾರದೆ ಇದ್ದಿದ್ದರೆ ಯಾರೂ ಕದಲುತ್ತಿರಲಿಲ್ಲ.

ತಂಡದ ಮ್ಯಾನೇಜರ್ ಧರ್ಮೇಶನ ಆಟದ ಸಾಮಾನಿನ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ನೆಟ್ಟು, ಶೂ, ಕಪ್ಪುಗಳ ನಡುವೆ ಅವನು ಎಂದಿನಂತೆ ನಗುಮುಖದಿಂದ ಎದ್ದು ಬಂದ. ಫ್ಯಾನು ಅವಳ ಕಡೆ ತಿರುಗಿಸಿದ. ಟೀ ತರಿಸಿದ. ಕೇಸು ಶುರುವಾದಾಗಿನಿಂದ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವನು ಇವನೊಬ್ಬನೇ. ಅವಳು ಇವನನ್ನು ಅನುಮಾನಿಸಿದ್ದೂ ಉಂಟು, ಬಿಟ್ಟದ್ದೂ ಉಂಟು.

ಗೇಮಿಗೆ ಫೋಟೋ ಕಳಿಸಿದ್ದು ತಾನೇ, ಆದರೆ ಅಭಿಷೇಕನದ್ದನ್ನು ಕಳಿಸಿಲ್ಲ ಎಂದು ಧರ್ಮೇಶ್ ಮತ್ತೊಮ್ಮೆ ಹೇಳಿದ. ಕಳಿಸಿದ ಫೋಟೋಗಳನ್ನೆಲ್ಲ ಫೋನಿನಲ್ಲಿ ತೋರಿಸಿದ. ಅಭಿಷೇಕ್ ಅದರಲ್ಲಿರಲಿಲ್ಲ. ಆಮೇಲೆ, ಹೇಳಲೋ ಬೇಡವೋ ಎಂಬಂತೆ ಸ್ವಲ್ಪ ತಡೆದು, ಒಂದು ಹೊಸ ಮಾತು ಹೇಳಿದ. ಆ ಜೆರ್ಸಿಯ ಕಾಲರ್ ನೋಡಿ ಮೇಡಂ, ಎಂದ. ದರ್ಜಿ ಒಂದೇ ಒಂದು ಜೆರ್ಸಿಯ ಕಾಲರನ್ನು ಸೊಟ್ಟಗೆ ಹೊಲಿದಿದ್ದ. ಯಾರೂ ಬೇಡವೆಂದಾಗ ಅದನ್ನು ಹಾಕಿಕೊಂಡವನು ನಂದನ್.

ನಂದನ್ ಎಂದರೆ ರುದ್ರಪ್ಪನವರ ಮಗ. ದೇವೀರಮ್ಮ ಕೆಲಸ ಮಾಡುವ ಎಸ್ಟೇಟು ಅವರದೇ. ಅಭಿಷೇಕನೂ ನಂದನನೂ ಒಂದೇ ತಂಡದಲ್ಲಿ ಆಡಿದವರು, ಫೈನಲ್‌ನ ಹಿಂದಿನ ದಿನ ಎಲ್ಲರೆದುರು ಕೊರಳಪಟ್ಟಿ ಹಿಡಿದುಕೊಂಡವರು. ಪ್ರೇಮಕುಮಾರಿಯ ಅನುಮಾನ ಮೊದಲಿನಿಂದಲೂ ನಂದನನ ಸುತ್ತಲೇ ಸುಳಿಯುತ್ತಿತ್ತು. ಅವನೆಲ್ಲಿ ಎಂದು ಕೇಳಿದ್ದಕ್ಕೆ, ನಿನ್ನೆಯಿಂದ ಬೆಂಗಳೂರಿನಲ್ಲಿದ್ದಾನೆಂದು ಮನೆಯವರು ಹೇಳುತ್ತಾರೆ, ಫೋನು ಮಾತ್ರ ಆಫ್ ಎಂದ ಧರ್ಮೇಶ್.

“ದೇವೀರಮ್ಮ ಏನಂತಾರೆ ಮೇಡಂ? ಅವರಿಗೆ ಏನಾದ್ರೂ ಗೊತ್ತಾ?”

ಅವಳಿಗೆ ದಣಿವಾಗಿತ್ತು. ಟೀ ಬಿಸಿಯಾಗಿತ್ತು. ತಾಯಿ ಆ ಫೋಟೋ ಸುಳ್ಳು ಅನ್ನುತ್ತಾಳೆ, ಮಗ ಇಲ್ಲ ಅಂತಲೇ ನಂಬಿದ್ದಾಳೆ ಎಂದು ಹೇಳಿಬಿಟ್ಟಳು.

“ಪಾಪ,” ಎಂದ ಧರ್ಮೇಶ್. ಮೇಜಿನ ಮೇಲಿದ್ದ ಚೆಂಡನ್ನು ಎತ್ತಿ ಶೆಲ್ಫಿನಲ್ಲಿಟ್ಟ. “ಎಂಥ ಹುಡುಗ ಮಾರಾಯ್ರೆ ಅವ್ನು.”

ಆಲ್ದೂರಿನಲ್ಲಿ, ಗೇಮಿಗೆ ಮುಖಗಳನ್ನು ಜೋಡಿಸುವ ಅರ್ಚನಾಳ ಕೋಣೆ ಒಂದು ಕಾಫಿ ವ್ಯಾಪಾರಿಯ ಗೋಡೌನಿನ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗಲೇ ಕೆಳಗೆ ಒಟ್ಟಿದ ಪಾರ್ಚ್‌ಮೆಂಟ್ ಕಾಫಿಬೀಜದ ಮೂಟೆಗಳ ಸೆಣಬಿನ ವಾಸನೆ. ಪ್ರತಿ ಮೆಟ್ಟಿಲಿಗೂ ಪ್ರೇಮಕುಮಾರಿಯ ಮಂಡಿ ಒಂದೊಂದು ಮಾತು ಹೇಳುತ್ತಿತ್ತು.

ಅರ್ಚನಾ ಮದುವೆ ಆಲ್ಬಮ್ ಮಾಡಿಕೊಡುವ ಹುಡುಗಿ. ಮೂಡಿಗೆರೆ, ಚಿಕ್ಕಮಗಳೂರಿನ ಸ್ಟುಡಿಯೋಗಳು ಫೋಟೋ ಕಳಿಸುತ್ತವೆ, ಇವಳು ಜೋಡಿಸಿ ಕೊಡುತ್ತಾಳೆ. ಅದು ಹೊಟ್ಟೆಪಾಡು. ಗೇಮಿನ ಕೆಲಸ ಅವಳ ಖುಷಿಯದ್ದು. ಆ ಕಬಡ್ಡಿ ಗೇಮಿನಲ್ಲಿ ದೊಡ್ಡ ತಂಡಗಳ ಆಟಗಾರರಿಗೆ ಕಂಪನಿಯವರೇ ಮುಖ ಹಾಕಿರುತ್ತಾರೆ. ಜಿಲ್ಲೆಯ ಸಣ್ಣ ತಂಡಗಳಿಗೆ ಯಾರು ಹಾಕುತ್ತಾರೆ? ಅಲ್ಲಿ ಆಟಗಾರನ ಜಾಗದಲ್ಲಿ ಬೂದುಬಣ್ಣದ ಒಂದು ಖಾಲಿ ನೆರಳು ಇರುತ್ತದೆ. ಆ ನೆರಳು ತೆಗೆದು ನಮ್ಮ ಹುಡುಗರ ಮುಖ ಕೂರಿಸುವುದು ಅರ್ಚನಾಳಂಥ ಆಟದ ಹುಚ್ಚಿನವರು. ಅಭಿಷೇಕನದ್ದೂ ತಂಡದಿಂದಲೇ ಬಂದ ಫೋಟೋ ಎಂದು ಅವಳು ಹೇಳಿದ್ದಳು.

ಕಟೌಟ್ ಎಂದು ಅವಳು ಮೊದಲ ದಿನ ಹೇಳಿದಾಗ ಪ್ರೇಮಕುಮಾರಿಗೆ ಟಾಕೀಸಿನ ಮುಂದೆ ಹಾರ ಹಾಕಿಸಿಕೊಂಡು ನಿಲ್ಲುವ ಹೀರೋಗಳ ನೆನಪಾಗಿತ್ತು. ಇದು ಬೆಂಕಿಪೊಟ್ಟಣದಷ್ಟು ಚಿತ್ರ. ಆದರೂ ಕೆಲಸ ಕಡಿಮೆಯಲ್ಲ. ಹಿಂದಿನ ಗೋಡೆ, ಗಿಡ, ಪಕ್ಕದವನ ಕೈ ಎಲ್ಲವನ್ನೂ ಅಳಿಸಬೇಕು. ಕೂದಲಿನ ಅಂಚು ಹರಿದಂತೆ ಕಾಣಬಾರದು. ಎಲ್ಲರ ಕಣ್ಣೂ ಒಂದೇ ಮಟ್ಟದಲ್ಲಿ ಕೂರಬೇಕು, ಎಲ್ಲರ ಹೆಗಲೂ ಒಂದೇ ಕಡೆ ಮುಗಿಯಬೇಕು. ಆಗಲೇ ತಂಡ ಸಾಲಾಗಿ ನಿಂತಂತೆ ಕಾಣುವುದು.

ಅರ್ಚನಾ ಕುರ್ಚಿ ಒರೆಸಿ ಕೊಟ್ಟಳು. ನೀರು ಬೇಕೇ ಎಂದು ಕೇಳಿದಳು. ಪ್ರೇಮಕುಮಾರಿ ಬೇಡವೆಂದಳು. ಅಭಿಷೇಕನದ್ದೂ ನಂದನನದ್ದೂ ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟು ತೋರಿಸಲು ಹೇಳಿದಳು.

ಹುಡುಗಿ ಮೌಸಿನ ಮೇಲಿದ್ದ ಕೈಯನ್ನು ಸರಿಸಲಿಲ್ಲ.

“ತೋರ್ಸಮ್ಮ. ನಂಗೆ ಮತ್ತೆ ಈ ಮೆಟ್ಲು ಹತ್ತೋಕಾಗಲ್ಲ.”

ಎರಡು ಚಿತ್ರಗಳು ಪರದೆಯ ಮೇಲೆ ಬಂದವು. ಎರಡು ಮುಖ. ಕೆಳಗೆ ಸೊಟ್ಟ ಹೊಲಿಗೆಯ ಒಂದೇ ಕಾಲರ್, ಎಡಗಡೆ ಎದೆಯ ಮೇಲೆ ಅದೇ ಒಂದು ಮಡಿಕೆ. ನಂದನನ ಕುತ್ತಿಗೆಯ ಬಲಕ್ಕೆ ನೆರಳಿತ್ತು, ಮುಖದ ಬಲಕ್ಕೂ ನೆರಳಿತ್ತು. ಅಭಿಷೇಕನ ಕುತ್ತಿಗೆಯ ಬಲಕ್ಕೆ ನೆರಳು, ಮುಖದ ನೆರಳು ಮಾತ್ರ ಎಡಕ್ಕೆ. ಒಂದೇ ಮನುಷ್ಯನ ಮೇಲೆ ಎರಡು ಸೂರ್ಯ ಬೆಳಗುವುದಿಲ್ಲ. ಒಮ್ಮೆ ಕಂಡ ಮೇಲೆ ಅದನ್ನು ಕಾಣದಿರುವುದೇ ಕಷ್ಟವಾಗಿತ್ತು.

ಕೆಳಗೆ ಗೋಡೌನಿನಲ್ಲಿ ಯಾರೋ ಮೂಟೆ ಇಳಿಸಿದ ಶಬ್ದವಾಯಿತು. ಅರ್ಚನಾ ಪರದೆಯಿಂದ ಕಣ್ಣು ತೆಗೆಯದೆಯೇ ಒಪ್ಪಿಕೊಂಡಳು. ತಾನೇ ಮಾಡಿದ್ದು. ಮುಖ ಕಳೆದ ವರ್ಷದ್ದು, ತನ್ನ ಹತ್ತಿರವೇ ಇತ್ತು. ಮೈಕಟ್ಟು ಹೊಂದುವವನು ಬೇಕಿತ್ತು, ನಂದನನದ್ದು ಹೊಂದಿತು.

“ಯಾಕೆ ಮಾಡ್ದೆ?”

“ಹಳೇ ಜೆರ್ಸಿಲಿ ಹಾಕಿದ್ರೆ ಹಳೇ ಫೋಟೋ ಅಂತ ಬಿಡ್ತಿದ್ರಿ ಮೇಡಂ. ಅವ್ನು ಕಾಣೆಯಾದ ಮೇಲೆ ನಾನು ಎಷ್ಟು ಜನರ ಹತ್ರ ಹೋದೆ. ಬರ್ತಾನೆ ಬಿಡಮ್ಮ ಅಂದ್ರು. ನಂಗೂ ಅವ್ನಿಗೂ ಏನು ಸಂಬಂಧ ಅಂತ ಕೇಳಿದ್ರು. ಫೋಟೋ ಬಂದ್ಮೇಲೆ ನೀವು ಬಂದ್ರಿ.”

ಪ್ರೇಮಕುಮಾರಿಗೆ ಕೋಪ ಬರಬೇಕಿತ್ತು. ಬಂತು ಕೂಡ, ಆದರೆ ಒದ್ದೆ ಸೌದೆಯ ಬೆಂಕಿಯ ಹಾಗೆ, ಹೊಗೆಯೇ ಹೆಚ್ಚು. ಸುಳ್ಳು ಸಾಕ್ಷಿ ಹುಟ್ಟಿಸಿದ್ದಕ್ಕೆ ಏನಾಗುತ್ತದೆಂದು ಹೇಳಿದಳು. ಒಂದು ವಾರದ ಓಡಾಟವೆಲ್ಲ ನೀರಿಗೆ ಹಾಕಿದ ಹಾಗಾಯಿತೆಂದಳು. ಆಮೇಲೆ ದನಿ ತಗ್ಗಿಸಿದಳು.

“ಬದುಕಿದಾನೆ ಅಂತ ಒಬ್ಬ ತಾಯಿಗೆ ಹೇಳಿ, ಆಮೇಲೆ ಇಲ್ಲ ಅನ್ನೋದು ಅಂದ್ರೆ ಏನು ಅಂತ ಗೊತ್ತಾ ನಿಂಗೆ?”

ಅರ್ಚನಾ ಅಳಲಿಲ್ಲ. ಬೆರಳಿನ ಉಗುರು ಕಚ್ಚುತ್ತ ಕೂತಳು. ತಾನಾಗಿಯೇ ಅಭಿಷೇಕನ ಬಗ್ಗೆ ಹೇಳತೊಡಗಿದಳು. ಎರಡು ವರ್ಷದ ಹಿಂದೆ, ಮೊದಲ ಸಲ ಅವನ ಮುಖ ಕತ್ತರಿಸಿ ಗೇಮಿಗೆ ಹಾಕಿದಾಗ, ಅವನು ಕಳಸದಿಂದ ಬಸ್ಸು ಹತ್ತಿ ಈ ಕೋಣೆ ಹುಡುಕಿಕೊಂಡು ಬಂದಿದ್ದನಂತೆ. ದೂರು ಏನೆಂದರೆ, ಕಿವಿ. ಹಿಡಿತಕ್ಕೆ ಸಿಕ್ಕಿ ಸಿಕ್ಕಿ ಅವನ ಬಲಗಿವಿ ಜಜ್ಜಿ ಗಂಟುಕಟ್ಟಿತ್ತು. ಚೆಂದ ಕಾಣಲಿ ಎಂದು ಅರ್ಚನಾ ಅದನ್ನು ತಿದ್ದಿ ನುಣ್ಣಗೆ ಮಾಡಿದ್ದಳು. ಆ ಕಿವಿ ನಾನು ಆಡಿ ಸಂಪಾದಿಸಿದ್ದು, ವಾಪಸ್ ಕೊಡಿ ಎಂದು ಅವನು ಬಾಗಿಲಲ್ಲಿ ನಿಂತು ಕೇಳಿದ್ದ. ಅವಳು ಅವನೆದುರೇ ಕೂತು ಸರಿಮಾಡಿದ್ದಳು. ಅದಾದ ಮೇಲೆ ಆಲ್ದೂರು ಕಡೆ ಬಂದಾಗಲೆಲ್ಲ ಅವನು ಮಹಡಿ ಹತ್ತಿ ಬರುತ್ತಿದ್ದ, ಹೊಸ ಆಟಗಾರರ ಮುಖಗಳನ್ನು ನೋಡಿ ಯಾರು ಹೇಗೆ ಆಡುತ್ತಾರೆಂದು ಹೇಳುತ್ತಿದ್ದ. ಇನ್ನೇನೂ ಇರಲಿಲ್ಲ ಮೇಡಂ, ಎಂದಳು. ಆ ‘ಇನ್ನೇನೂ’ ಹೇಳುವಾಗ ಮಾತ್ರ ಅವಳ ದನಿ ಸ್ವಲ್ಪ ಜಾರಿತು.

ಪ್ರೇಮಕುಮಾರಿ ಎದ್ದಳು. ಹೇಳಿಕೆ ಬರೆಸಿಕೊಳ್ಳಲು ನಾಳೆ ಠಾಣೆಗೆ ಬಾ ಎಂದಳು. ಬಾಗಿಲ ಹತ್ತಿರ ಹೋದವಳು, ಸುಮ್ಮನೆ, ಮನಸ್ಸಿನ ಭಾರ ಇಳಿಸುವವಳಂತೆ ಇನ್ನೊಂದು ಮಾತು ಸೇರಿಸಿದಳು. ನೀನು ಇಷ್ಟು ನಾಜೂಕಾಗಿ ಜೋಡಿಸಿದ್ದರೂ ಆ ತಾಯಿ ಒಂದೇ ನೋಟಕ್ಕೆ ಹಿಡಿದುಬಿಟ್ಟರು. ಮಗನ ಎಡಗಡೆ ಹೆಗಲು ಇಳಿದಿತ್ತಲ್ಲ, ಮೂಳೆ ಮುರಿದು.

“ಯಾವ ಮೂಳೆ?” ಎಂದಳು ಅರ್ಚನಾ.

ಪ್ರೇಮಕುಮಾರಿ ತಿರುಗಿ ನಿಂತಳು.

ಅರ್ಚನಾ ಆಗಲೇ ಕಂಪ್ಯೂಟರಿನಲ್ಲಿ ಏನೋ ಹುಡುಕುತ್ತಿದ್ದಳು. ಟೂರ್ನಮೆಂಟಿಗೆ ಮುಂಚೆ ಆಟಗಾರರ ತೂಕ ನೋಡುತ್ತಾರೆ. ಆಗ ತೆಗೆದ ಫೋಟೋಗಳೂ ತಂಡದಿಂದ ಅವಳಿಗೆ ಬಂದಿದ್ದವು. ಪರದೆಯ ಮೇಲೆ ಅಭಿಷೇಕ್ ತಕ್ಕಡಿಯ ಮೇಲೆ ಬರಿಮೈಯಲ್ಲಿ ನಿಂತು ನಗುತ್ತಿದ್ದ. ಅವನ ಎರಡು ಹೆಗಲೂ ಮಟ್ಟಗೋಲಿಟ್ಟು ನೋಡಿದಷ್ಟು ಸಮವಾಗಿದ್ದವು. ಗಾಯದ ಗುರುತಿಲ್ಲ, ಗಂಟಿಲ್ಲ. ಅವಳು ಇನ್ನೊಂದು ಫೋಟೋ ತೆರೆದಳು, ಮತ್ತೊಂದನ್ನು ತೆರೆದಳು. ಬೇರೆ ಬೇರೆ ವರ್ಷ, ಬೇರೆ ಬೇರೆ ಮೈದಾನ. ಎಲ್ಲೂ ಹೆಗಲು ಇಳಿದಿರಲಿಲ್ಲ.

“ಅವ್ನು ಎಲ್ಲಿಂದ್ಲೂ ಬಿದ್ದಿಲ್ಲ ಮೇಡಂ. ಕಿವಿ ಒಂದು ಬಿಟ್ರೆ ಅವ್ನ ಮೈಮೇಲೆ ಮುರಿದದ್ದು ಏನೂ ಇಲ್ಲ.”

ಪ್ರೇಮಕುಮಾರಿ ಕುರ್ಚಿಗೆ ಮತ್ತೆ ಕೂತಳು. ಫೋಟೋ ಸುಳ್ಳು, ಅದು ಸರಿ. ಆದರೆ ಅದು ಸುಳ್ಳೆಂದು ದೇವೀರಮ್ಮ ಹೇಳಿದ ಕಾರಣವೂ ಸುಳ್ಳು. ತಾಯಿ ಹೆಗಲು ನೋಡಿ ತಿಳಿದುಕೊಂಡದ್ದಲ್ಲ. ಮಗ ಆ ಜೆರ್ಸಿ ತೊಟ್ಟು ಯಾವ ಫೋಟೋಗೂ ನಿಂತಿಲ್ಲ ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಹಾಗೆ ಗೊತ್ತಿರಬೇಕಾದರೆ, ಮಗ ಎಲ್ಲಿದ್ದಾನೆಂದೂ ಗೊತ್ತಿರಬೇಕು. ಮಣ್ಣಿನ ಕೆಳಗೋ, ಮೇಲೋ.

ಬಾಳೆಹೊನ್ನೂರಿನ ಮೇಲೆ ಮತ್ತೆ ಕಳಸದ ದಾರಿ. ಬೆಳಗಿನಿಂದ ಇದೇ ಗುಡ್ಡಗಳನ್ನು ಸುತ್ತು ಹಾಕಿ ಬಂದ ಹಾಗಾಯಿತೆಂದು ಪ್ರಸಾದ್ ಗೊಣಗಿದ. ತಿರುವು ಬಂದಾಗಲೆಲ್ಲ ಪ್ರೇಮಕುಮಾರಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮುಚ್ಚಿದರೆ ದೇವೀರಮ್ಮನ ಬೆಳಗಿನ ನೋಟ ಕಾಣುತ್ತಿತ್ತು. ಅದು ದುಃಖದ ನೋಟವಲ್ಲ. ಅಪರಿಚಿತ ನಾಯಿ ಅಂಗಳಕ್ಕೆ ಬಂದಾಗ, ಕಚ್ಚುತ್ತದೋ ಇಲ್ಲವೋ ಎಂದು ಅಳೆಯುವವರ ನೋಟ.

ಎಸ್ಟೇಟಿನ ಕಣದಲ್ಲಿ ಬಿಸಿಲು ಇನ್ನೂ ಇತ್ತು. ದೇವೀರಮ್ಮ ಒಬ್ಬಳೇ, ಒಣಹಾಕಿದ ಮೆಣಸನ್ನು ಸಂಜೆಗೆ ಮುಂಚೆ ಗುಡ್ಡೆ ಮಾಡುತ್ತಿದ್ದಳು. ಜೀಪು ಕಂಡರೂ ಕೈ ನಿಲ್ಲಿಸಲಿಲ್ಲ. ಪ್ರೇಮಕುಮಾರಿ ಪ್ರಸಾದನನ್ನು ದೂರದಲ್ಲೇ ಬಿಟ್ಟು, ಕುಂಟುತ್ತ ಕಣದೊಳಗೆ ಬಂದಳು. ಕಾಲ ಕೆಳಗೆ ಮೆಣಸು ಕಟಕಟ ಎಂದಿತು.

“ಅಭಿಷೇಕನ ಹೆಗಲು ಯಾವತ್ತೂ ಮುರಿದಿರ್ಲಿಲ್ಲ ದೇವೀರಮ್ಮ.”

ದೇವೀರಮ್ಮ ಮೆಣಸು ಎಳೆಯುವ ಹಲಗೆಯನ್ನು ನೆಲಕ್ಕಿಟ್ಟಳು. ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡಳು. ನಿಂತಲ್ಲೇ ನೆಲಕ್ಕೆ ಕೂತಳು.

“ಇಲ್ಲ,” ಎಂದಳು.

ಪ್ರೇಮಕುಮಾರಿಯೂ ಪಕ್ಕದಲ್ಲಿ ಕೂತಳು. ಮಂಡಿ ಮಡಚಲಿಲ್ಲ, ಕಾಲು ಚಾಚಿಯೇ, ಮೆಣಸಿನ ರಾಶಿಗೆ ಆತು ಕೂತಳು. ಆಮೇಲೆ ದೇವೀರಮ್ಮ ಹೇಳಿದ್ದನ್ನು ಅವಳು ನಡುವೆ ಬಾಯಿ ಹಾಕದೆ ಕೇಳಿದಳು.

ಹುಡುಗ ಬದುಕಿದ್ದ. ಫೈನಲ್‌ನಲ್ಲಿ ಸೋಲಬೇಕೆಂದು ಯಾರೋ ಅವನಿಗೆ ಹೇಳಿದ್ದರು. ಆ ಮಾತಿಗೇ ನಂದನನಿಗೂ ಅವನಿಗೂ ಹಿಂದಿನ ದಿನ ಜಗಳವಾಗಿದ್ದು. ಸೋಲುವುದಾದರೆ ಮೈದಾನಕ್ಕೇ ಇಳಿಯಬೇಡ ಎಂದು ನಂದನ್ ಕೊರಳಪಟ್ಟಿ ಹಿಡಿದಿದ್ದ. ಅಭಿಷೇಕ್ ಸೋಲಲಿಲ್ಲ. ಕೊನೆಯ ರೈಡಿನಲ್ಲಿ ಪಾಯಿಂಟ್ ತಂದು ಗೆಲ್ಲಿಸಿದ. ಕಪ್ಪು ಎತ್ತಿ ಇನ್ನೂ ಕೆಳಗಿಟ್ಟಿರಲಿಲ್ಲ, ಜೀವ ತೆಗೆಯುತ್ತೇವೆಂಬ ಮಾತು ಕಿವಿಗೆ ಬಿತ್ತು. ಅವನನ್ನು ಅಲ್ಲಿಂದಲೇ ತನ್ನ ಗಾಡಿಯಲ್ಲಿ ಹೊರಡಿಸಿಕೊಂಡು ಹೋದವನು ನಂದನ್. ಕುದುರೆಮುಖದ ಹಳೇ ಟೌನ್‌ಶಿಪ್ಪಿನಲ್ಲಿ, ಜನ ಬಿಟ್ಟುಹೋದ ಕ್ವಾರ್ಟರ್ಸುಗಳ ಒಂದು ಸಾಲಿನ ಕೊನೆಯ ಮನೆಯಲ್ಲಿ, ಅವನನ್ನು ಇಟ್ಟಿದ್ದ. ಬುತ್ತಿ ಕಟ್ಟುವುದು ದೇವೀರಮ್ಮ, ತಲುಪಿಸುವುದು ನಂದನ್. ಮನೆಯಲ್ಲಿ ಅಪ್ಪನಿಗೂ ಹೇಳಿರಲಿಲ್ಲ.

ಸೋಲು ಅಂದವರು ಯಾರು ಎಂದು ತಾಯಿ ಕೇಳಿದ್ದಳು. ಹೆಸರು ಗೊತ್ತಿಲ್ಲದಿದ್ದರೇ ನಿನಗೆ ಒಳ್ಳೆಯದು ಎಂದು ಮಗ ಆ ಹೆಸರನ್ನು ಬಚ್ಚಿಟ್ಟಿದ್ದ.

“ಅವ್ನು ಸತ್ತ ಅಂತ ಊರು ನಂಬಿದ್ರೆ ಬಿಡ್ತಾರೆ ಮೇಡಂ. ಬದುಕಿದಾನೆ ಅಂದ್ರೆ ಹುಡುಕ್ತಾರೆ. ಆ ಫೋಟೋ ಯಾಕೆ ಬಂತು? ಅದು ಬಂದ್ಮೇಲೆ ಹುಡುಕೋಕೆ ಶುರುಮಾಡಿದ್ರು.”

ಪ್ರೇಮಕುಮಾರಿಗೆ ಅರ್ಚನಾ ಉಗುರು ಕಚ್ಚುತ್ತ ಕೂತದ್ದು ಕಣ್ಣಿಗೆ ಕಟ್ಟಿತು. ಯಾರಾದರೂ ಹುಡುಕಲಿ ಎಂದೇ ಆ ಹುಡುಗಿ ಅವನನ್ನು ಬದುಕಿಸಿದ್ದಳು. ಮೈಕಟ್ಟು ಹೊಂದುತ್ತದೆಂದು ನಂದನನ ಹೆಗಲನ್ನೇ ಆರಿಸಿದ್ದಳು. ಹುಡುಕುವವನಿಗೆ ಅದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ. ಕಾಣೆಯಾದ ಹುಡುಗನ ಮೈಮೇಲೆ ನಂದನನ ಜೆರ್ಸಿ ಇದೆಯೆಂದರೆ, ಅವನನ್ನು ಬಚ್ಚಿಟ್ಟವನೂ ನಂದನನೇ ಎಂದು ಓದಿಕೊಳ್ಳುವುದು ಕಷ್ಟವೇ?

“ನಂದನ್ ಈಗ ಎಲ್ಲಿ?”

“ಸಣ್ಣ ಸಾಹುಕಾರ್ರು ನಿನ್ನೆ ಮಧ್ಯಾಹ್ನ ಬುತ್ತಿ ತಗೊಂಡು ಹೋದ್ರು. ಬೆಂಗಳೂರಿಗೆ ಅಂತ ಮನೇಲಿ ಹೇಳಿ ಹೋದದ್ದು. ಯಾವಾಗ್ಲೂ ಕತ್ತಲಾಗೋದ್ರೊಳಗೆ ಬರ್ತಿದ್ರು.” ದೇವೀರಮ್ಮ ಬಿದ್ದ ಮೆಣಸಿನ ಕಾಳುಗಳನ್ನು ಒಂದೊಂದಾಗಿ ಆರಿಸಿ ರಾಶಿಗೆ ಹಾಕುತ್ತಿದ್ದಳು. “ಬಂದಿಲ್ಲ. ಫೋನೂ ಇಲ್ಲ. ಇಬ್ರದ್ದೂ ಇಲ್ಲ.”

ಪ್ರೇಮಕುಮಾರಿ ಪ್ರಸಾದನಿಗೆ ಕೈ ಬೀಸಿ, ಗಾಡಿ ತಿರುಗಿಸಲು ಸನ್ನೆ ಮಾಡಿದಳು. ಕಂಬವಿಲ್ಲ, ಹಿಡಿಯಲು ಏನೂ ಇಲ್ಲ; ನೆಲಕ್ಕೆ ಕೈಯೂರಿ ಏಳುತ್ತಲೇ ಕೇಳಿದಳು, ಆ ಮನೆ ಬೇರೆ ಯಾರಿಗೆ ಗೊತ್ತಿತ್ತು? ನಿಮ್ಮಿಬ್ಬರನ್ನು ಬಿಟ್ಟು ಇನ್ನೊಬ್ಬರು ಯಾರು?

ದೇವೀರಮ್ಮ ತಲೆಯೆತ್ತಿ ನೋಡಿದಳು. ಬೆಳಗಿನ ಅದೇ ನೋಟ.

“ನಿಮ್ಗೆ,” ಎಂದಳು.

“ನಂಗೆ ಈಗ ನೀವು ಹೇಳಿದ್ಮೇಲೆ ಗೊತ್ತಾಗಿದ್ದು.”

“ನಿನ್ನೆ ಬೆಳಿಗ್ಗೆ ನಿಮ್ಮವರೊಬ್ರು ಬಂದಿದ್ರು, ನಾನು ಯಾವತ್ತೂ ನೋಡ್ದೇ ಇದ್ದವ್ರು. ಪ್ರೇಮಕುಮಾರಿ ಮೇಡಂ ಕಳ್ಸಿದಾರೆ, ಹುಡುಗನಿಗೆ ಕಾವಲು ಹಾಕ್ತೀವಿ, ಎಲ್ಲಿದಾನೆ ಹೇಳಿ ಅಂದ್ರು. ನಾನು ನಂಬ್ಲಿಲ್ಲ. ಆಮೇಲೆ ಫೋಟೋ ತೋರಿಸಿದ್ರು. ನೀವಿದ್ರಿ ಅದ್ರಲ್ಲಿ, ಇದೇ ಬಟ್ಟೇಲಿ, ಅವರ ಪಕ್ಕಾನೇ. ಅದಕ್ಕೇ ಹೇಳ್ದೆ.” ಅವಳು ಮುಷ್ಟಿಯಲ್ಲಿದ್ದ ಕಾಳುಗಳನ್ನು ರಾಶಿಗೆ ಸುರಿದಳು. “ಇಬ್ರೂ ಬರ್ಲಿಲ್ವಲ್ಲ, ರಾತ್ರಿಯೆಲ್ಲ ಕೂತು ಯೋಚ್ನೆ ಮಾಡ್ದೆ. ನೀವೇ ಮಾಡ್ಸಿದ್ದೋ ಏನೋ ಅನ್ಸಿತು. ಬೆಳಿಗ್ಗೆ ನೀವು ಬಂದಾಗ ಅದಕ್ಕೇ ಸುಳ್ಳು ಹೇಳಿದ್ದು.”

“ಯಾವ ಫೋಟೋ?” ಎಂದಳು ಪ್ರೇಮಕುಮಾರಿ. “ಹೇಗಿದ್ರು ಅವ್ರು?”

ದೇವೀರಮ್ಮ ಸೀರೆಯ ಸೊಂಟದಿಂದ ಎಲೆಯಡಿಕೆ ಚೀಲ ಬಿಚ್ಚಿದಳು. ನಾಲ್ಕು ಮಡಿಕೆಯಾಗಿದ್ದ ಒಂದು ಫೋಟೋ ತೆಗೆದಳು. ಇದ್ರಲ್ಲಿ ಮಗ ಇದ್ದಾನಲ್ಲ ಅಂತ ಕೇಳಿದೆ, ಕೊಟ್ಟು ಹೋದರು ಎಂದಳು.

ಫೈನಲ್ ದಿನದ ವೇದಿಕೆ. ಬಂದೋಬಸ್ತಿಗೆ ಹೋಗಿದ್ದ ತನ್ನನ್ನು ಅಂದು ಒತ್ತಾಯದಿಂದ ಮೇಲೆ ಕರೆದು ಕಪ್ಪು ಕೊಡಿಸಿದ್ದರು. ಒಂದು ಅಂಚಿನಲ್ಲಿ ಅಭಿಷೇಕ್, ಹುಬ್ಬಿನ ಮೇಲೆ ಬ್ಯಾಂಡೇಜು, ಮುಖದಲ್ಲಿ ಗೆದ್ದವನ ಕಳೆಯೇ ಇಲ್ಲ. ನಡುವೆ ಸಮವಸ್ತ್ರದಲ್ಲಿ ತಾನು. ತನ್ನ ಪಕ್ಕದಲ್ಲಿ, ಕಪ್ಪಿನ ಇನ್ನೊಂದು ಹಿಡಿಯನ್ನು ಹಿಡಿದು, ಬಾಯ್ತುಂಬ ನಗುತ್ತಿರುವ ಧರ್ಮೇಶ್.

ಇದನ್ನು ಯಾರೂ ಕತ್ತರಿಸಿ ಜೋಡಿಸಿರಲಿಲ್ಲ. ಅವಳು ನಿಜವಾಗಿಯೂ ಅಲ್ಲಿ ನಿಂತಿದ್ದಳು, ಅವನು ಹೇಳಿದ್ದಕ್ಕೆ ಕ್ಯಾಮೆರಾ ನೋಡಿ ನಕ್ಕೂ ಇದ್ದಳು.

ದೇವೀರಮ್ಮ ಬಗ್ಗಿ, ನಗುವ ಆ ಮುಖದ ಮೇಲೆ ಮೆಣಸಿನ ಕಪ್ಪು ಹತ್ತಿದ ಬೆರಳನ್ನಿಟ್ಟಳು.

“ಇವ್ರು ನಿಮ್ಮವರಲ್ವಾ ಮೇಡಂ?”